ಉಳಿಯಬೇಕಾದ ಮಾತು, ಅಳಿಯಬೇಕಾದ ಮಾತು

ತರಿಸಿಕೊಂಡ ಮಿಕ್ಸಿ ಜಾರಿನ ಮುಚ್ಚಳ ಒಡೆದು ಬಂದಿತ್ತು. ಆ ಬಗ್ಗೆ ದೂರು ಕೊಡಲೆಂದು 2025ರ ಫೆಬ್ರುವರಿಯಲ್ಲಿ ಒಂದು ಶಾಪಿಂಗ್ ಜಾಲತಾಣದ ಗ್ರಾಹಕ ಸೇವೆಯ ಚಾಟ್ ತೆರೆದೆ. ನಾನು ಒಂದಕ್ಷರ ಬರೆಯುವ ಮೊದಲೇ ಪರದೆಯ ಮೇಲೆ ಪ್ರಶ್ನೆಯೊಂದು ಮೂಡಿತು. ‘ನಮಸ್ಕಾರ. ಹಿಂದೆ ನಿಮ್ಮ ತಾಯಿಯವರ ಏರ್ ಬೆಡ್ ಬಗ್ಗೆ ಸಂಪರ್ಕಿಸಿದ್ದಿರಿ. ಇದು ಅದೇ ವಿಷಯವೇ?’ ಅಮ್ಮ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು.

ಯಂತ್ರದ ಮೇಲೆ ಕೋಪಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಹಾಗೆ ನೋಡಿದರೆ ಆ ಕ್ಷಣದಲ್ಲಿ ನನ್ನನ್ನು ಕಾಡಿದ್ದು ದುಃಖಕ್ಕಿಂತ ಹೆಚ್ಚಾಗಿ ಆಶ್ಚರ್ಯ. ಏಕೆಂದರೆ ಅದೇ ಸಂಭಾಷಣೆಯ ಬಗ್ಗೆ ಆರು ತಿಂಗಳ ಹಿಂದೆ ಅದೇ ಸಂಸ್ಥೆ ನನಗೆ ಕೊಟ್ಟಿದ್ದ ಉತ್ತರ, ‘ಅಂತಹ ಯಾವುದೇ ಭರವಸೆ ನಮ್ಮ ದಾಖಲೆಯಲ್ಲಿಲ್ಲ’ ಎಂಬುದಾಗಿತ್ತು.

ನಡೆದದ್ದು ಇಷ್ಟು. 2024ರ ಜುಲೈನಲ್ಲಿ, ಎಂಬತ್ತನಾಲ್ಕು ವರ್ಷದ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯ ನಂತರ ಮಲಗಿದಲ್ಲೇ ಇದ್ದುದರಿಂದ ಬೆನ್ನಿಗೆ ಹುಣ್ಣಾಗದಂತೆ ಏರ್ ಬೆಡ್ ಹಾಕಿಸಬೇಕೆಂದು ವೈದ್ಯರು ಹೇಳಿದರು. ಅಂಗಡಿ ಸುತ್ತಲು ಪುರುಸೊತ್ತಿಲ್ಲದೆ ಜಾಲತಾಣದಲ್ಲಿ ತರಿಸಿದೆ. ಮೂರನೆಯ ದಿನಕ್ಕೆ ಅದರ ಪಂಪು ನಿಂತುಹೋಯಿತು. ಚಾಟ್‌ನಲ್ಲಿ ಮೊದಲು ಯಂತ್ರ, ನಂತರ ಒಬ್ಬ ಪ್ರತಿನಿಧಿ ಮಾತಿಗೆ ಸಿಕ್ಕರು. ಇದು ಆರೋಗ್ಯ ಸಂಬಂಧಿ ವಸ್ತುವಾದ್ದರಿಂದ ಸಾಮಾನ್ಯವಾಗಿ ಹಿಂಪಡೆಯುವುದಿಲ್ಲ, ವಿಶೇಷ ಪ್ರಕರಣವೆಂದು ಪರಿಗಣಿಸಬೇಕಾದರೆ ರೋಗಿಯ ಸ್ಥಿತಿ ತಿಳಿಸಿ ಎಂದರು. ತಿಳಿಸಿದೆ. ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ ಕೇಳಿದರು. ಕಳಿಸಿದೆ. ವಸ್ತು ಬಳಕೆಯಲ್ಲಿರುವ ಚಿತ್ರ ಬೇಕೆಂದರು. ಅದನ್ನೂ ತೆಗೆದು ಕಳಿಸಿದೆ. ಆ ಚಿತ್ರದಲ್ಲಿ ಅಮ್ಮ ಗೋಡೆಯ ಕಡೆಗೆ ಮುಖಮಾಡಿ ಮಲಗಿದ್ದಾರೆ, ಬೆನ್ನಿನ ಗಾಯ ಕಾಣುತ್ತದೆ. ಇಡೀ ಜೀವಮಾನದಲ್ಲಿ ಸೆರಗು ಜಾರಗೊಡದಿದ್ದ ಹೆಂಗಸು. ಅವರನ್ನು ಕೇಳದೆ ಆ ಚಿತ್ರ ಕಳಿಸಿದವನು ನಾನೇ. ಆ ತಪ್ಪನ್ನು ಬೇರೆ ಯಾರ ಮೇಲೂ ಹೊರಿಸಲಾರೆ.

‘48 ಗಂಟೆಯೊಳಗೆ ಬದಲಿ ಕಳಿಸುತ್ತೇವೆ, ಇಲ್ಲವಾದರೆ ಪೂರ್ತಿ ಹಣ ಮರಳಿಸುತ್ತೇವೆ’ ಎಂದು ಪ್ರತಿನಿಧಿ ಬರೆದರು. ಧನ್ಯವಾದ ಹೇಳಿ ಚಾಟ್ ಮುಚ್ಚಿದೆ. ನಾಲ್ಕು ದಿನಗಳಾದರೂ ಏನೂ ಬರಲಿಲ್ಲ. ಮತ್ತೆ ಕೇಳಿದಾಗ ಬಂದದ್ದೇ ಮೇಲೆ ಹೇಳಿದ ಉತ್ತರ. ಹಳೆಯ ಸಂಭಾಷಣೆಯನ್ನು ತೋರಿಸೋಣವೆಂದರೆ ನನ್ನ ಖಾತೆಯಲ್ಲಿ ಅದು ಕಾಣಿಸುತ್ತಲೇ ಇರಲಿಲ್ಲ. ಮನೆಯ ಹತ್ತಿರದ ಸರ್ಜಿಕಲ್ ಅಂಗಡಿಯಿಂದ ಇನ್ನೊಂದನ್ನು ತಂದು ಹಾಕಿದೆವು. ರೋಗಿಯ ಶುಶ್ರೂಷೆಯ ನಡುವೆ ವ್ಯಾಜ್ಯಕ್ಕೆ ಯಾರಿಗೆ ಸಮಯವಿರುತ್ತದೆ? ನಾನೂ ಕೈಬಿಟ್ಟೆ.

ಎಂದರೆ, ನನಗೆ ಬೇಕಾಗಿದ್ದ ಒಂದು ಸಾಲು ನನ್ನ ಪಾಲಿಗೆ ಅಳಿದುಹೋಗಿತ್ತು. ಅಳಿಯಬೇಕಾಗಿದ್ದ ಅಮ್ಮನ ಕಾಯಿಲೆಯ ವಿವರ ಅವರ ಪಾಲಿಗೆ ಉಳಿದುಕೊಂಡಿತ್ತು. ಜಾಲತಾಣಗಳ ಗ್ರಾಹಕ ಸೇವೆಯ ಸಂಭಾಷಣೆಗಳನ್ನು ಹೇಗೆ ಅಳಿಸುವುದು ಎಂಬ ಪ್ರಶ್ನೆಯನ್ನು ಇತ್ತೀಚೆಗೆ ಅನೇಕರು ಕೇಳುತ್ತಾರೆ. ಅದಕ್ಕೆ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಇಬ್ಬರು ಆಡಿದ ಮಾತಿನ ದಾಖಲೆ ಒಬ್ಬರ ಬಳಿ ಮಾತ್ರ ಇರುವುದು ಯಾವ ನ್ಯಾಯ?

ನಾನು ಸೇವೆಗೆ ಸೇರಿದ ಮೊದಲ ವರ್ಷಗಳಲ್ಲಿ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ಗೆದ್ದಲು, ಧೂಳು, ಕೆಂಪು ದಾರ, ಬಾವಲಿಯ ವಾಸನೆ. ಅದನ್ನು ಹೊಗಳುವ ಉದ್ದೇಶ ನನಗಿಲ್ಲ. ಆದರೆ ಅಲ್ಲಿ ಎರಡು ಪದ್ಧತಿಗಳಿದ್ದವು. ಪ್ರತಿ ಕಡತಕ್ಕೂ ಅದನ್ನು ಮುಕ್ತಾಯಗೊಳಿಸುವ ದಿನವೇ ಒಂದು ವರ್ಗ ನಿಗದಿಯಾಗುತ್ತಿತ್ತು. ‘ಎ’ ವರ್ಗವಾದರೆ ಶಾಶ್ವತ. ಉಳಿದವುಗಳಿಗೆ ಇಷ್ಟಿಷ್ಟು ವರ್ಷವೆಂಬ ಆಯುಷ್ಯ. ಅವಧಿ ಮುಗಿದ ಕಡತಗಳನ್ನು ಪಟ್ಟಿ ಮಾಡಿ, ಮೇಲಧಿಕಾರಿಯ ಸಹಿ ಪಡೆದು ನಾಶಪಡಿಸುತ್ತಿದ್ದೆವು. ಏನು ನಾಶವಾಯಿತೆಂಬುದಕ್ಕೂ ಒಂದು ದಾಖಲೆ ಇರುತ್ತಿತ್ತು. ಎರಡನೆಯದು ನಕಲು ಅರ್ಜಿ. ತನ್ನ ಜಮೀನಿನ ಬಗ್ಗೆ ಅಧಿಕಾರಿ ಏನು ಬರೆದಿದ್ದಾನೆಂದು ತಿಳಿಯಬೇಕಾದ ರೈತ ಶುಲ್ಕ ಕಟ್ಟಿ ದೃಢೀಕೃತ ನಕಲು ಪಡೆಯಬಹುದಿತ್ತು. ಅಲೆದಾಡಿಸುತ್ತಿದ್ದರು, ಕೈಬಿಸಿಯನ್ನೂ ಕೇಳುತ್ತಿದ್ದರು, ನಿಜ. ಆದರೆ ‘ನಕಲು ಕೊಡುವ ಪದ್ಧತಿಯೇ ನಮ್ಮಲ್ಲಿಲ್ಲ’ ಎಂದು ಹೇಳುವ ಧೈರ್ಯ ಯಾವ ಶಿರಸ್ತೇದಾರನಿಗೂ ಇರಲಿಲ್ಲ. ನೂರು ವರ್ಷಗಳಿಂದ ಜನ ಬೈಯುತ್ತಾ ಬಂದಿರುವ ಕಂದಾಯ ಇಲಾಖೆಯಲ್ಲಿದ್ದ ಈ ಎರಡು ಸೌಲಭ್ಯಗಳು ಇಂದಿನ ಅತ್ಯಾಧುನಿಕ ಮಾರುಕಟ್ಟೆಯಲ್ಲಿ ಇಲ್ಲ.

ಬಹುತೇಕ ತಾಣಗಳಲ್ಲಿ ಚಾಟ್ ಮುಗಿದೊಡನೆ ಗ್ರಾಹಕನ ಕೈಯಿಂದ ಅದು ಜಾರಿಹೋಗುತ್ತದೆ. ಕೆಲವು ಕಡೆ ಹಳೆಯ ಮಾತುಗಳು ಕಾಣುತ್ತವಾದರೂ ಅಳಿಸುವ ಗುಂಡಿ ಇರುವುದಿಲ್ಲ. ಇನ್ನು ಕೆಲವು ಕಡೆ ‘ಆರ್ಕೈವ್’ ಎಂದಿರುತ್ತದೆ. ಅದು ಕಪಾಟಿನ ಬಾಗಿಲು ಮುಚ್ಚಿದಂತೆ, ಒಳಗಿನದು ಒಳಗೇ ಇರುತ್ತದೆ. ವಾಟ್ಸ್‌ಆ್ಯಪ್ ಮೂಲಕ ಸೇವೆ ನೀಡುವ ವ್ಯಾಪಾರಿಗಳೊಂದಿಗೆ ಆಡಿದ ಮಾತನ್ನು ನಮ್ಮ ಫೋನಿನಿಂದ ಅಳಿಸಬಹುದು, ಆದರೆ ಅವರ ಕಡೆಯ ಪ್ರತಿ ಅದರಿಂದ ಹೋಗುವುದಿಲ್ಲ. ಅಳಿಸಿದೆನೆಂಬ ನೆಮ್ಮದಿಯಲ್ಲಿ ನಾವು ಕಳೆದುಕೊಳ್ಳುವುದು ನಮ್ಮ ಸಾಕ್ಷ್ಯವನ್ನಷ್ಟೇ. ನಮ್ಮ ಬಡಾವಣೆಯಲ್ಲಿ ಇಂತಹ ಸೇವಾ ಕೇಂದ್ರವೊಂದರಲ್ಲಿ ದುಡಿಯುವ ಹುಡುಗಿಯೊಬ್ಬಳಿದ್ದಾಳೆ. ಏಕಕಾಲಕ್ಕೆ ಮೂರು ನಾಲ್ಕು ಗ್ರಾಹಕರೊಂದಿಗೆ ಮಾತನಾಡುತ್ತಾಳಂತೆ. ಪ್ರತಿಯೊಬ್ಬರ ಹಿಂದಿನ ಸಂಭಾಷಣೆಗಳೂ ಪರದೆಯ ಬಲಬದಿಯಲ್ಲಿ ಅವಳಿಗೆ ಕಾಣುತ್ತವಂತೆ. ‘ಅಂಕಲ್, ನೀವು ಎರಡು ವರ್ಷದ ಹಿಂದೆ ಯಾರಿಗೆ ಬೈದಿರಿ ಅನ್ನೋದೂ ನಮಗೆ ಗೊತ್ತಾಗುತ್ತೆ’ ಎಂದು ನಕ್ಕಳು.

ಆ ನಗುವಿನ ಹಿಂದೆ ಇನ್ನೊಂದು ಮಾತಿದೆ. ಗ್ರಾಹಕರು ಆಡುವ ಅವಾಚ್ಯ ಮಾತುಗಳಿಂದ ತನ್ನನ್ನು ಕಾಪಾಡುವುದೂ ಅದೇ ದಾಖಲೆ ಎಂದು ಅವಳು ಹೇಳಿದಳು. ಅದನ್ನು ಒಪ್ಪಲೇಬೇಕು. ಖಾಲಿ ಡಬ್ಬ ಬಂತೆಂದು ಸುಳ್ಳು ಹೇಳಿ ಹಣ ವಾಪಸು ಪಡೆಯುವವರೂ, ಉಟ್ಟ ಸೀರೆಯನ್ನು ಮಡಿಸಿ ಹಿಂತಿರುಗಿಸುವವರೂ ನಮ್ಮ ನಡುವೆಯೇ ಇದ್ದಾರೆ. ಆದ್ದರಿಂದ ವ್ಯಾಪಾರಿ ದಾಖಲೆ ಇಟ್ಟುಕೊಳ್ಳಲೇಬಾರದೆಂದು ನಾನು ವಾದಿಸುತ್ತಿಲ್ಲ. ಎಷ್ಟು ಕಾಲ, ಯಾವುದನ್ನು, ಯಾರ ತಿಳಿವಳಿಕೆಯೊಂದಿಗೆ ಎಂಬುದಷ್ಟೇ ಪ್ರಶ್ನೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಹಳೆಯ ಕಾರುಗಳ ಮಾರುಕಟ್ಟೆಯ ಪ್ರಬಂಧ ಗೊತ್ತಿರುತ್ತದೆ. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆಯೇ ಕೆಡುತ್ತದೆ ಎಂಬುದು ಅದರ ತಿರುಳು. ಮಾಹಿತಿಯ ಅಸಮಾನತೆಯ ಕುರಿತ ಈ ಬಗೆಯ ಕೆಲಸಕ್ಕಾಗಿ ಅವರಿಗೆ 2001ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ಬಂತು. ಅಕರ್ಲಾಫ್ ಬರೆದದ್ದು ವಸ್ತುವಿನ ಗುಣಮಟ್ಟದ ಬಗ್ಗೆ. ಇಲ್ಲಿ ನಡೆಯುತ್ತಿರುವುದು ಇನ್ನೂ ವಿಚಿತ್ರ. ನಾನೇ ಆಡಿದ ಮಾತು ನನಗಿಂತ ಹೆಚ್ಚಾಗಿ ಎದುರು ಪಕ್ಷಕ್ಕೆ ತಿಳಿದಿದೆ.

ಮಾತಿನ ಪ್ರತಿ ಗ್ರಾಹಕನ ಬಳಿ ಇದ್ದರೆ ಏನಾಗುತ್ತದೆಂಬುದಕ್ಕೆ ಕೆನಡಾದ ಪ್ರಕರಣವೊಂದು ಉದಾಹರಣೆ. ಅಜ್ಜಿಯ ಸಾವಿನ ಸಂದರ್ಭದಲ್ಲಿ ಪ್ರಯಾಣಿಸಬೇಕಾಗಿದ್ದ ವ್ಯಕ್ತಿಯೊಬ್ಬರಿಗೆ ಏರ್ ಕೆನಡಾದ ಚಾಟ್‌ಬಾಟ್, ಟಿಕೆಟ್ ಕೊಂಡ ನಂತರವೂ ರಿಯಾಯಿತಿಗೆ ಅರ್ಜಿ ಹಾಕಬಹುದೆಂದು ತಿಳಿಸಿತ್ತು. ಸಂಸ್ಥೆ ನಂತರ ನಿರಾಕರಿಸಿತು. ಚಾಟ್‌ಬಾಟ್‌ನ ಮಾತಿಗೆ ತಾನು ಹೊಣೆಯಲ್ಲ, ಅದು ತನ್ನ ಕೃತ್ಯಗಳಿಗೆ ತಾನೇ ಜವಾಬ್ದಾರಿಯಾದ ಪ್ರತ್ಯೇಕ ಅಸ್ತಿತ್ವ ಎಂಬರ್ಥದ ವಾದವನ್ನೂ ಮಂಡಿಸಿತು. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ಅದನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ಆ ಪ್ರಯಾಣಿಕರು ಸಂಭಾಷಣೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದರು. ಅವರೂ ನನ್ನಂತೆ ಧನ್ಯವಾದ ಹೇಳಿ ಕಿಟಕಿ ಮುಚ್ಚಿದ್ದರೆ?

ಅಳಿಸದೆ ಉಳಿದ ಮಾತು ಏನು ಮಾಡಬಲ್ಲದೆಂಬುದಕ್ಕೂ ಉದಾಹರಣೆಗಳಿವೆ. ಹ್ಯಾಕರ್‌ಗಳು 2025ರ ಆಗಸ್ಟ್‌ನಲ್ಲಿ ಡ್ರಿಫ್ಟ್ ಎಂಬ ಚಾಟ್ ತಂತ್ರಾಂಶದ ಮೂಲಕ ನೂರಾರು ಕಂಪನಿಗಳ ಗ್ರಾಹಕ ಮಾಹಿತಿಯನ್ನು ಕದ್ದರು. ಅವುಗಳಲ್ಲೊಂದಾದ ಕ್ಲೌಡ್‌ಫ್ಲೇರ್, ತನ್ನ ಸಹಾಯ ವಿಭಾಗಕ್ಕೆ ಗ್ರಾಹಕರು ಬರೆದು ಕಳಿಸಿದ ಪಾಸ್‌ವರ್ಡ್ ಮುಂತಾದುವೆಲ್ಲವೂ ಸೋರಿಹೋಗಿವೆಯೆಂದೇ ಭಾವಿಸಿಕೊಳ್ಳಿ ಎಂದು ಬಹಿರಂಗವಾಗಿ ಎಚ್ಚರಿಸಬೇಕಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಸಂಸ್ಥೆಯ ಗ್ರಾಹಕ ಸೇವೆಯನ್ನು ಗುತ್ತಿಗೆ ಪಡೆದಿದ್ದ ಹೊರಗಿನ ಕಂಪನಿಯ ಕಡೆಯಿಂದ ಸುಮಾರು 70,000 ಬಳಕೆದಾರರ ಸರ್ಕಾರಿ ಗುರುತಿನ ಚೀಟಿಗಳ ಚಿತ್ರಗಳು ಬಯಲಾಗಿರಬಹುದೆಂದು ಆ ಸಂಸ್ಥೆಯೇ ತಿಳಿಸಿತು. ಇವು ಶಾಪಿಂಗ್ ತಾಣಗಳಲ್ಲ. ಆದರೆ ಗ್ರಾಹಕ ಸೇವೆಯ ಯಂತ್ರಾಂಗ ಎಲ್ಲೆಡೆ ಒಂದೇ ಬಗೆಯದು: ಮಾಲು ಮಾರುವವರು ಒಬ್ಬರು, ಚಾಟ್ ತಂತ್ರಾಂಶ ಇನ್ನೊಬ್ಬರದು, ಉತ್ತರ ಬರೆಯುವವರು ಮತ್ತೊಬ್ಬರ ಗುತ್ತಿಗೆ ನೌಕರರು. ಖಜಾನೆಗೆ ಬೀಗ ಭದ್ರವಾಗಿರುತ್ತದೆ. ವಿಚಾರಣಾ ಕಿಂಡಿಯಲ್ಲಿ ಜನ ಬಿಟ್ಟುಹೋದ ಕಾಗದಗಳ ಮೇಲೆ ಯಾರ ಕಣ್ಣೂ ಇರುವುದಿಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ? ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ಪ್ರಕರಣಕ್ಕೆ ಹೆಸರು ಕೊಟ್ಟವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಅರ್ಜಿ ಹಾಕಿದ್ದು ಆಧಾರ್ ವಿಷಯದಲ್ಲಿ, ಸರ್ಕಾರದ ವಿರುದ್ಧ. ಮುಂದೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಅಧಿಸೂಚನೆಯ ಪ್ರಕಾರ ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರುವುದು 18 ತಿಂಗಳ ಅನಂತರ, ಎಂದರೆ 2027ರ ಮೇ ತಿಂಗಳಲ್ಲಿ.

ಕಾಯ್ದೆಯ 12ನೇ ಸೆಕ್ಷನ್ ಅಳಿಸುವಂತೆ ಕೇಳುವ ಹಕ್ಕನ್ನು ಕೊಡುತ್ತದೆ. ಒಳ್ಳೆಯದು. ಆದರೆ ನಿಯಮಗಳನ್ನು ಕಡತ ಓದುವ ಅಭ್ಯಾಸವಿರುವ ಕಣ್ಣಿನಿಂದ ಓದಿದಾಗ ಎರಡು ಸಂಗತಿಗಳು ಚುಚ್ಚುತ್ತವೆ. ಎರಡು ಕೋಟಿಗೂ ಹೆಚ್ಚು ನೋಂದಾಯಿತ ಬಳಕೆದಾರರುಳ್ಳ ಇ-ವಾಣಿಜ್ಯ ಸಂಸ್ಥೆಗಳು, ಗ್ರಾಹಕ ಕೊನೆಯ ಬಾರಿ ಬಂದುಹೋದ ಮೂರು ವರ್ಷಗಳ ಬಳಿಕ ಅವನ ದತ್ತಾಂಶವನ್ನು ಅಳಿಸಬೇಕು, ಅದಕ್ಕೆ 48 ಗಂಟೆ ಮೊದಲು ಅವನಿಗೆ ತಿಳಿಸಬೇಕು. ಕೇಳಲು ಹಿತವಾಗಿದೆ. ಆದರೆ ತಿಂಗಳಿಗೊಮ್ಮೆ ಸೋಪು, ಔಷಧಿ ತರಿಸುವ ನಮ್ಮಂಥವರ ‘ಕೊನೆಯ ಬಾರಿ’ ಎಂದು ಬರಬೇಕು? ಪ್ರತಿ ಖರೀದಿಯೊಂದಿಗೆ ಗಡಿಯಾರ ಮತ್ತೆ ಸೊನ್ನೆಯಿಂದ ಓಡತೊಡಗುತ್ತದೆ. ನಿಷ್ಠಾವಂತ ಗ್ರಾಹಕನ ಹಳೆಯ ಮಾತುಗಳು ತಾವಾಗಿ ಅಳಿಯುವ ದಿನ ಅವನು ಸತ್ತ ಮೂರು ವರ್ಷಗಳ ನಂತರ ಎಂದಾಯಿತು!

ಎರಡನೆಯದು ಇದಕ್ಕಿಂತ ಗಂಭೀರ. ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ನಾವು ಕೇಳಿ ಪಡೆಯಬಹುದಾದದ್ದು ನಮ್ಮ ದತ್ತಾಂಶದ ‘ಸಾರಾಂಶ’ವನ್ನು. ಯುರೋಪಿನಲ್ಲಿ 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ದತ್ತಾಂಶ ಸಂರಕ್ಷಣಾ ನಿಯಮಾವಳಿಯ 15ನೇ ವಿಧಿ ‘ಪ್ರತಿ’ಯನ್ನೇ ಕೊಡಬೇಕೆನ್ನುತ್ತದೆ. ಸಾರಾಂಶಕ್ಕೂ ಪ್ರತಿಗೂ ಇರುವ ಅಂತರ ಎಷ್ಟೆಂಬುದನ್ನು ಮೂವತ್ತು ವರ್ಷ ಟಿಪ್ಪಣಿ ಬರೆದ ನನ್ನಂಥವನಿಗೆ ಯಾರೂ ಹೇಳಿಕೊಡಬೇಕಿಲ್ಲ. ‘ಗ್ರಾಹಕರು ಏರ್ ಬೆಡ್ ಕುರಿತು ಸಂಪರ್ಕಿಸಿದ್ದರು, ಸೂಕ್ತ ಮಾಹಿತಿ ನೀಡಲಾಯಿತು’ ಎಂಬುದು ಸಾರಾಂಶ. ‘48 ಗಂಟೆಯೊಳಗೆ ಪೂರ್ತಿ ಹಣ ಮರಳಿಸುತ್ತೇವೆ’ ಎಂಬುದು ಪ್ರತಿಯಲ್ಲಿ ಮಾತ್ರ ಇರುತ್ತದೆ. ಇತ್ತ 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳಡಿ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರಿಗೆ ಸ್ವೀಕೃತಿ ನೀಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೂರಿಗೊಂದು ಟಿಕೆಟ್ ಸಂಖ್ಯೆಯೂ ಸಿಗುತ್ತದೆ. ಆದರೆ ಆ ಸಂಖ್ಯೆಯ ಹಿಂದಿರುವ ಮಾತುಗಳು ಗ್ರಾಹಕನಿಗೆ ಸೇರಬೇಕೆಂಬ ವಿಧಿ ಅಲ್ಲಿಲ್ಲ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಆ ನಿಯಮಗಳಿಗೆ ಒಂದೆರಡು ಸಾಲು ಸೇರಿಸಿದರೆ ಸಾಕು. ಸಂಭಾಷಣೆ ಮುಗಿದ ಕೂಡಲೇ ಅದರ ಪೂರ್ಣ ಪ್ರತಿ ಗ್ರಾಹಕನ ಇ-ಮೇಲ್‌ಗೆ ತಾನಾಗಿ ಹೋಗಬೇಕು. ಚಾಟ್‌ನಲ್ಲಿ ಪಡೆದ ಚಿತ್ರ, ವೈದ್ಯಕೀಯ ದಾಖಲೆ, ಗುರುತಿನ ಚೀಟಿಗಳಿಗೆ ಬೇರೆಯೇ ಆಯುಷ್ಯ ನಿಗದಿಯಾಗಬೇಕು. ದೂರು ಇತ್ಯರ್ಥವಾಗಿ ಎರಡೂ ಕಡೆಯವರು ಒಪ್ಪಿದ ದಿನ ಅವು ಹೋಗಬೇಕು. ಉಳಿದ ಮಾತುಗಳನ್ನು ಎರಡು ವರ್ಷ ಇಟ್ಟುಕೊಳ್ಳಲಿ. ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು 2019ರ ಕಾಯ್ದೆ ಕೊಟ್ಟಿರುವ ಕಾಲಮಿತಿಯೂ ಅಷ್ಟೇ. ‘ಕಾನೂನಿನ ಅಗತ್ಯಕ್ಕಾಗಿ ಇಟ್ಟುಕೊಂಡಿದ್ದೇವೆ’ ಎಂಬ ಸಿದ್ಧ ಉತ್ತರವನ್ನು ಕಂಪನಿಗಳು ಕೊಡುತ್ತವೆ. ಜಿಎಸ್‌ಟಿ ಕಾನೂನು ಲೆಕ್ಕಪತ್ರಗಳನ್ನು 72 ತಿಂಗಳು ಇಡಬೇಕೆನ್ನುತ್ತದೆ, ಅದು ಸರಿ. ಬಿಲ್ಲು ಲೆಕ್ಕಪತ್ರ. ಒಬ್ಬ ಮುದುಕಿಯ ಬೆನ್ನಿನ ಗಾಯ ಯಾವ ಲೆಕ್ಕದ ಪತ್ರ?

ಅಲ್ಲಿಯವರೆಗೆ ನಮ್ಮ ಜಾಗರೂಕತೆಯೇ ನಮಗೆ ಆಸರೆ. ಈಗ ನಾನು ಚಾಟ್ ಮುಚ್ಚುವ ಮೊದಲು ಪ್ರತಿಯನ್ನು ಇ-ಮೇಲ್ ಮಾಡುವಂತೆ ಕೇಳುತ್ತೇನೆ. ಕೆಲವರು ಕಳಿಸುತ್ತಾರೆ. ಕಳಿಸದಿದ್ದರೆ ದಿನಾಂಕ, ವೇಳೆ, ಟಿಕೆಟ್ ಸಂಖ್ಯೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಬಿಲ್ಲಿನೊಂದಿಗೆ ಇಡುತ್ತೇನೆ. ವಾರಂಟಿಯೂ ಎರಡು ವರ್ಷಗಳೂ ಕಳೆಯುವವರೆಗೆ ಅದನ್ನು ಅಳಿಸುವುದಿಲ್ಲ. ದಾಖಲೆ ಕೇಳಿದರೆ ಅದು ಏಕೆ ಬೇಕೆಂದು ಚಾಟ್‌ನಲ್ಲೇ ಬರೆದು ಉತ್ತರ ಪಡೆಯುತ್ತೇನೆ. ಆಧಾರ್ ಕೊಡಲೇಬೇಕಾದಲ್ಲಿ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ, ಪ್ರಾಧಿಕಾರವೇ ಒದಗಿಸುವ ಪ್ರತಿಯನ್ನು ಕೊಡಬಹುದು. ಖಾತೆಯನ್ನೇ ಮುಚ್ಚುವವರು ಹಳೆಯ ಬಿಲ್ಲುಗಳನ್ನೆಲ್ಲ ಮೊದಲು ಇಳಿಸಿಟ್ಟುಕೊಳ್ಳುವುದು ಲೇಸು; ಇಲ್ಲವಾದರೆ ಫ್ರಿಜ್ ಕೆಟ್ಟ ದಿನ ವಾರಂಟಿ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ವಯಸ್ಸಾದವರ ಪರವಾಗಿ ಮಾತನಾಡುವ ಮಕ್ಕಳಿಗೆ ವಿಶೇಷವಾಗಿ ಹೇಳಬೇಕಾದ್ದೆಂದರೆ, ಕೆಟ್ಟಿರುವುದು ಪಂಪಾದರೆ ಪಂಪಿನ ಚಿತ್ರವನ್ನಷ್ಟೇ ಕಳಿಸಿ.

ನನ್ನ ಪ್ರಕರಣಕ್ಕೆ ಮರಳುವುದಾದರೆ, ಫೆಬ್ರುವರಿಯಲ್ಲಿ ಆ ಯಂತ್ರ ಕೇಳಿದ ಪ್ರಶ್ನೆಯನ್ನೇ ಸ್ಕ್ರೀನ್‌ಶಾಟ್ ತೆಗೆದುಕೊಂಡೆ. ಸಂಭಾಷಣೆಯ ದಾಖಲೆ ಅವರ ಬಳಿಯಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿರಲಿಲ್ಲ. ಅದನ್ನು ಲಗತ್ತಿಸಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ (1915) ದೂರು ದಾಖಲಿಸಿದೆ. ಮೂರು ವಾರಗಳಲ್ಲಿ ಏರ್ ಬೆಡ್‌ನ ಹಣ ಖಾತೆಗೆ ಬಂತು. ತಪ್ಪಾಯಿತೆಂಬ ಒಂದು ಮಾತೂ ಜೊತೆಗಿರಲಿಲ್ಲ, ಅದನ್ನು ನಾನು ನಿರೀಕ್ಷಿಸಿಯೂ ಇರಲಿಲ್ಲ.

ಅನಂತರ ಕುಂದುಕೊರತೆ ಅಧಿಕಾರಿಗೆ ಪತ್ರ ಬರೆದು, ವ್ಯವಹಾರ ಮುಗಿದಿರುವುದರಿಂದ ಅಮ್ಮನ ಚಿತ್ರವನ್ನೂ ಆಸ್ಪತ್ರೆಯ ಸಾರಾಂಶವನ್ನೂ ಅಳಿಸಿ, ಅಳಿಸಿದ ಬಗ್ಗೆ ತಿಳಿಸಬೇಕೆಂದು ಕೋರಿದೆ. ಸಂಭಾಷಣೆಗಳನ್ನು ಬಿಡಿಬಿಡಿಯಾಗಿ ಅಳಿಸುವ ಸೌಲಭ್ಯವಿಲ್ಲ, ಬೇಕಿದ್ದರೆ ಖಾತೆಯನ್ನು ಮುಚ್ಚಬಹುದು, ಆದರೂ ಕೆಲವು ಮಾಹಿತಿಯನ್ನು ಸಂಸ್ಥೆಯ ನೀತಿಗನುಗುಣವಾಗಿ ಅಗತ್ಯವಿರುವಷ್ಟು ಕಾಲ ಉಳಿಸಿಕೊಳ್ಳಲಾಗುವುದು ಎಂಬ ಉತ್ತರ ಬಂತು. ಎಷ್ಟು ಕಾಲ, ಯಾರ ಅಗತ್ಯ ಎಂದು ಮತ್ತೆ ಬರೆದೆ. ಅದಕ್ಕೆ ಉತ್ತರವಾಗಿ ಒಂದು ಹೊಸ ಟಿಕೆಟ್ ಸಂಖ್ಯೆ ಬಂದಿದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೇನೆ.